ರೀಟ್‌ಗೆ ಸಾಲ ಕೊಡುವವರು ಏನು ಷರತ್ತು ಹಾಕುತ್ತಿದ್ದಾರೆ? ಫೆಡ್ ಸಮೀಕ್ಷೆಯ ಅಂಕಿ ಓದುವ ಸಮಗ್ರ ಮಾರ್ಗದರ್ಶಿ

ರೀಟ್, ಅಂದರೆ ಆಸ್ತಿಯಲ್ಲಿ ಹಣ ಹಾಕುವ ಟ್ರಸ್ಟ್, ಅದರ ಯೂನಿಟ್ ಇಟ್ಟುಕೊಂಡವರು ಈಗ ಶಿರಸಿ, ಸಿದ್ದಾಪುರ, ಕುಮಟಾ ಕಡೆಯೂ ಸಿಗುತ್ತಾರೆ. ಅಡಿಕೆಗೆ ಒಳ್ಳೆ ದರ ಬಂದ ವರ್ಷ ಉಳಿದ ದುಡ್ಡು ಹಾಕಿದವರಿದ್ದಾರೆ. ಕೈಗಾದಲ್ಲಿ ದುಡಿದು ನಿವೃತ್ತರಾಗಿ ಕಾರವಾರದಲ್ಲೇ ಮನೆ ಮಾಡಿದವರಿದ್ದಾರೆ. ಮಗಳು ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾಳೆ, ಆ ಜಾಗ ಗೊತ್ತು ಅಂತ ಎಂಬೆಸಿ ರೀಟ್ ತಗೊಂಡವರೂ ಇದ್ದಾರೆ. ಬಹಳ ಜನ ಕೇಳುವ ಪ್ರಶ್ನೆ ಒಂದೇ: "ಬಡ್ಡಿ ಇಳಿದಿದೆ. ಇನ್ನು ರೀಟ್ ಏರುತ್ತೆ ಅಲ್ವಾ?"

ಬಡ್ಡಿ ದರ ಮುಖ್ಯ ಹೌದು. ಆದರೆ ಸಾಲ ಅಂದರೆ ಬರೀ ಬಡ್ಡಿ ಅಲ್ಲ. ಎಷ್ಟು ಅಡಮಾನಕ್ಕೆ ಎಷ್ಟು ಸಾಲ, ಎಷ್ಟು ದಿನಕ್ಕೆ, ಯಾವ ಕರಾರಿನ ಮೇಲೆ ಎಂಬುದೂ ಸಾಲವೇ. ರೀಟ್‌ಗಳು ನಿಜವಾಗಿ ಕಷ್ಟಕ್ಕೆ ಸಿಕ್ಕಿದ್ದು ಹೆಚ್ಚಾಗಿ ಈ ಎರಡನೇ ಕಡೆಯಿಂದ. ಅದನ್ನು ಮೂರು ತಿಂಗಳಿಗೊಮ್ಮೆ ಸಾಲ ಕೊಡುವವರ ಬಾಯಿಂದಲೇ ಕೇಳಿ ಪ್ರಕಟಿಸುವ ಒಂದು ಸಮೀಕ್ಷೆ ಇದೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ (ಫೆಡ್) 2010ರಿಂದ ಅದನ್ನು ನಡೆಸುತ್ತಿದೆ. ಅಂಕಿ ಎಲ್ಲರಿಗೂ ಉಚಿತ. ಅದನ್ನು ತೆಗೆಯುವುದು, ಓದುವುದು, ನಮ್ಮ ಭಾರತದ ರೀಟ್‌ಗೆ ಅದರಿಂದ ಎಷ್ಟು ತಿಳಿದುಕೊಳ್ಳಬಹುದು ಎಂದು ಅಳೆಯುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಒಂದು ಲ್ಯಾಪ್‌ಟಾಪ್, ಎಕ್ಸೆಲ್ ಅಥವಾ ಗೂಗಲ್ ಶೀಟ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಹಂತ 1: ಸಮೀಕ್ಷೆಯ ರೀಟ್ ಬೇರೆ, ನಿಮ್ಮ ರೀಟ್ ಬೇರೆ

ಇದನ್ನು ಮೊದಲು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ತಪ್ಪಾಗುತ್ತದೆ.

ಭಾರತದಲ್ಲಿ ಷೇರುಪೇಟೆಯಲ್ಲಿ ಸಿಗುವ ರೀಟ್‌ಗಳು ಕಟ್ಟಡದ ಮಾಲೀಕರು. ಎಂಬೆಸಿ ಆಫೀಸ್ ಪಾರ್ಕ್ಸ್ 2019ರಲ್ಲಿ ಬಂತು, ಮೈಂಡ್‌ಸ್ಪೇಸ್ 2020ರಲ್ಲಿ, ಬ್ರೂಕ್‌ಫೀಲ್ಡ್ ಇಂಡಿಯಾ 2021ರಲ್ಲಿ, ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ 2023ರಲ್ಲಿ. ಮೊದಲ ಮೂರರ ಬಳಿ ಇರುವುದು ಮುಖ್ಯವಾಗಿ ಆಫೀಸು ಕಟ್ಟಡಗಳು. ನೆಕ್ಸಸ್‌ದು ಮಾಲ್‌ಗಳು. ಭಟ್ಕಳ, ಹೊನ್ನಾವರದವರು ಮಂಗಳೂರಿಗೆ ಹೋದಾಗ ಸುತ್ತಾಡುವ ಫಿಜಾ ಮಾಲ್ ಇದೆಯಲ್ಲ, ಅದೂ ನೆಕ್ಸಸ್‌ನದೇ. ಬಾಡಿಗೆ ಬರುತ್ತದೆ, ಖರ್ಚು ಮತ್ತು ಬಡ್ಡಿ ಕಳೆದು ಉಳಿದದ್ದನ್ನು ಯೂನಿಟ್ ಇರುವವರಿಗೆ ಹಂಚುತ್ತಾರೆ. ಹಂಚಬಹುದಾದ ನಗದಿನಲ್ಲಿ ಕನಿಷ್ಠ 90% ಹಂಚಲೇಬೇಕು ಎಂಬುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ.

ಫೆಡ್ ಸಮೀಕ್ಷೆ ಕೇಳುವುದು "ಟ್ರೇಡಿಂಗ್ ರೀಟ್" ಬಗ್ಗೆ. ಇವು ಕಟ್ಟಡ ಇಟ್ಟುಕೊಳ್ಳುವುದಿಲ್ಲ. ಮನೆ ಸಾಲಗಳನ್ನು ಒಟ್ಟು ಮಾಡಿ ಮಾಡಿದ ಬಾಂಡ್‌ಗಳಂಥ, ಆಸ್ತಿಯ ಆಧಾರ ಇರುವ ಕಾಗದಗಳನ್ನು ಕೊಳ್ಳುತ್ತವೆ. ಆನಲಿ, ಎಜಿಎನ್‌ಸಿ ಈ ಜಾತಿಯ ದೊಡ್ಡ ಹೆಸರುಗಳು. ಕೊಂಡ ಬಾಂಡನ್ನೇ ಅಡ ಇಟ್ಟು ಡೀಲರ್‌ಗಳಿಂದ, ಅಂದರೆ ಬಾಂಡ್ ಕೊಳ್ಳುವ ಮಾರುವ ದೊಡ್ಡ ಹಣಕಾಸು ಸಂಸ್ಥೆಗಳಿಂದ, ಅಲ್ಪಾವಧಿಯ ಸಾಲ ತಗೊಳ್ಳುತ್ತವೆ. ಆ ಸಾಲಕ್ಕೆ ರೆಪೊ ಅನ್ನುತ್ತಾರೆ. ಆ ದುಡ್ಡಲ್ಲಿ ಮತ್ತೆ ಬಾಂಡ್ ಕೊಳ್ಳುತ್ತವೆ. ಬಾಂಡಿನಿಂದ ಬರುವ ಬಡ್ಡಿ ಜಾಸ್ತಿ, ರೆಪೊಗೆ ಕಟ್ಟುವ ಬಡ್ಡಿ ಕಮ್ಮಿ. ಆ ಅಂತರವೇ ಆದಾಯ. ಹಾಗಾಗಿ ಇವಕ್ಕೆ ಸಾಲದ ಷರತ್ತು ಅಂದರೆ ಉಸಿರು.

ಕಟ್ಟಡದ ರೀಟ್‌ನ ಸಾಲ ವರ್ಷಗಳ ಅವಧಿಯದು. ಷರತ್ತು ಬದಲಾದರೆ ಪೆಟ್ಟು ನಿಧಾನಕ್ಕೆ ಬೀಳುತ್ತದೆ. ಟ್ರೇಡಿಂಗ್ ರೀಟ್‌ಗೆ ವಾರಗಳಲ್ಲೇ ಬೀಳುತ್ತದೆ. ಹೀಗಿದ್ದೂ ಈ ಅಂಕಿಯನ್ನು ನಾವು ಯಾಕೆ ನೋಡಬೇಕು? ಆಸ್ತಿ ಆಧಾರದ ಸಾಲದಲ್ಲಿ ಡೀಲರ್‌ಗಳ ಮನಸ್ಸು ಹೇಗೆ ತಿರುಗುತ್ತಿದೆ ಅಂತ ಇಷ್ಟು ನೇರವಾಗಿ ತೋರಿಸುವ ಅಂಕಿ ಬಹಳ ಇಲ್ಲ. ಅಮೆರಿಕದ ರೀಟ್‌ಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್ ನಿಮ್ಮ ಬಳಿ ಇದ್ದರಂತೂ ಇನ್ನೂ ಹತ್ತಿರದ ವಿಷಯ.

ಹಂತ 2: ಅಂಕಿ ತೆಗೆಯುವುದು

ಸಮೀಕ್ಷೆಯ ಪೂರ್ತಿ ಹೆಸರು ಉದ್ದ: ಸೀನಿಯರ್ ಕ್ರೆಡಿಟ್ ಆಫೀಸರ್ ಒಪಿನಿಯನ್ ಸರ್ವೆ ಆನ್ ಡೀಲರ್ ಫೈನಾನ್ಸಿಂಗ್ ಟರ್ಮ್ಸ್. ಚಿಕ್ಕದಾಗಿ ಸ್ಕೂಸ್. ಫೆಡರಲ್ ರಿಸರ್ವ್ ಜಾಲತಾಣದ ಡೇಟಾ ವಿಭಾಗದಲ್ಲಿ ಈ ಹೆಸರು ಹುಡುಕಿ. ಪ್ರತಿ ವರ್ಷ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಆವೃತ್ತಿ ಇರುತ್ತವೆ. ಪ್ರತಿ ಆವೃತ್ತಿಯಲ್ಲಿ ಎರಡು ಭಾಗ: ಮೊದಲು ಎರಡು ಮೂರು ಪುಟದ ಸಾರಾಂಶ, ಆಮೇಲೆ ಪ್ರಶ್ನೆವಾರು ಕೋಷ್ಟಕ. ಸಾರಾಂಶ ಓದಿ ಬಿಟ್ಟುಬಿಡಬೇಡಿ. ಎಷ್ಟೋ ಸಲ ಅಲ್ಲಿ ಟ್ರೇಡಿಂಗ್ ರೀಟ್ ಬಗ್ಗೆ ಒಂದು ಸಾಲೂ ಇರುವುದಿಲ್ಲ, ಕೋಷ್ಟಕದಲ್ಲಿ ಮಾತ್ರ ಇರುತ್ತದೆ.

ಕೋಷ್ಟಕದ ಪ್ರಶ್ನೆಗಳು ಗುಂಪು ಗುಂಪಾಗಿವೆ. ಮೊದಲು ಇತರ ಡೀಲರ್‌ಗಳು ಮತ್ತು ಕ್ಲಿಯರಿಂಗ್ ಸಂಸ್ಥೆಗಳು, ಆಮೇಲೆ ಹೆಡ್ಜ್ ಫಂಡ್ (ಶ್ರೀಮಂತರ, ಸಂಸ್ಥೆಗಳ ಹಣ ತೊಡಗಿಸುವ ಖಾಸಗಿ ನಿಧಿ), ಅದರ ಬೆನ್ನಿಗೇ ಟ್ರೇಡಿಂಗ್ ರೀಟ್, ಆಮೇಲೆ ಮ್ಯೂಚುವಲ್ ಫಂಡ್, ಪಿಂಚಣಿ ನಿಧಿ, ವಿಮಾ ಕಂಪನಿ ಇತ್ಯಾದಿ. ಎಲ್ಲ ಗುಂಪಿಗೂ ಹೆಚ್ಚುಕಮ್ಮಿ ಅದೇ ಪ್ರಶ್ನೆ. ಹಾಗಾಗಿ ಸಾಲು ತಪ್ಪಿ ಹೆಡ್ಜ್ ಫಂಡಿನ ಅಂಕಿ ಎತ್ತಿಕೊಳ್ಳುವ ಸಾಧ್ಯತೆ ಜಾಸ್ತಿ. ಪ್ರತಿ ಪ್ರಶ್ನೆಯ ಒಳಗೆ ಟ್ರೇಡಿಂಗ್ ರೀಟ್ ಎಂಬ ಪದ ಇದೆಯೇ ನೋಡಿಕೊಂಡೇ ಮುಂದೆ ಹೋಗಿ.

ಹಳೆಯ ಅಂಕಿಯೆಲ್ಲ ಒಟ್ಟಿಗೆ ಬೇಕಿದ್ದರೆ ಸೇಂಟ್ ಲೂಯಿಸ್ ಫೆಡ್ ನಡೆಸುವ ಫ್ರೆಡ್ ಜಾಲತಾಣ ಅನುಕೂಲ. ಅಲ್ಲಿ ಪ್ರತಿ ಪ್ರಶ್ನೆಯ ಪ್ರತಿ ಉತ್ತರವೂ ಬೇರೆ ಬೇರೆ ಸರಣಿ. "ತುಂಬಾ ಬಿಗಿ" ಒಂದು ಸರಣಿ, "ಸ್ವಲ್ಪ ಬಿಗಿ" ಇನ್ನೊಂದು. ಐದೂ ಉತ್ತರ ಇಳಿಸಿಕೊಂಡರೆ ಮಾತ್ರ ಒಂದು ಪ್ರಶ್ನೆ ಪೂರ್ತಿಯಾಗುತ್ತದೆ. ಒಂದೇ ಸರಣಿ ನೋಡಿ ಗ್ರಾಫ್ ಎಳೆದರೆ ಅರ್ಧ ಚಿತ್ರ. ಅಲ್ಲಿರುವುದು ಶೇಕಡಾ ಅಲ್ಲ, ಹಾಗೆ ಉತ್ತರಿಸಿದ ಸಂಸ್ಥೆಗಳ ಸಂಖ್ಯೆ ಎಂಬುದೂ ನೆನಪಿರಲಿ.

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಜಾಲತಾಣ ತೆರೆದಾಗಲೇ ಪಿಡಿಎಫ್ ಮತ್ತು ಫೈಲ್‌ಗಳನ್ನು ಇಳಿಸಿಕೊಂಡು ಬಿಡಿ.

ಹಂತ 3: ಬೆಲೆ ಮತ್ತು ಬೆಲೆಯಲ್ಲದ ಷರತ್ತು

ಟ್ರೇಡಿಂಗ್ ರೀಟ್ ಬಗ್ಗೆ ಕೇಳುವ ಮೊದಲ ಎರಡು ಪ್ರಶ್ನೆಗಳೇ ಎಲ್ಲಕ್ಕಿಂತ ಮುಖ್ಯ. ಕಳೆದ ಮೂರು ತಿಂಗಳಲ್ಲಿ ಬೆಲೆಯ ಷರತ್ತು, ಅಂದರೆ ಸಾಲದ ದರ, ಹೇಗೆ ಬದಲಾಯಿತು? ಬೆಲೆಯಲ್ಲದ ಷರತ್ತು ಹೇಗೆ ಬದಲಾಯಿತು? ಎರಡನೆಯದರಲ್ಲಿ ಹೇರ್‌ಕಟ್, ಸಾಲದ ಗರಿಷ್ಠ ಅವಧಿ, ಕರಾರುಗಳು, ತಪ್ಪಿದರೆ ಸರಿಪಡಿಸಲು ಕೊಡುವ ಸಮಯ, ಒಂದು ಕಡೆ ಕಟ್ಟದಿದ್ದರೆ ಉಳಿದ ಸಾಲಗಳೂ ಬಾಕಿ ಎಂದು ಹಿಡಿಯುವ ನಿಯಮ, ಇವೆಲ್ಲ ಸೇರುತ್ತವೆ.

ಹೇರ್‌ಕಟ್ ಅಂದರೇನು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಅಡಿಕೆ ದಾಸ್ತಾನಿನ ಮೇಲೆ ಸಾಲ ತಗೊಂಡವರಿಗೆಲ್ಲ ಅದು ಗೊತ್ತು. ಲೆಕ್ಕಕ್ಕೆ ಇಟ್ಟುಕೊಳ್ಳಿ: 10 ಕ್ವಿಂಟಲ್ ಚಾಲಿ ಅಡಿಕೆ, ಕ್ವಿಂಟಲ್‌ಗೆ 45,000 ರೂಪಾಯಿ. ಮಾಲಿನ ಬೆಲೆ 4.5 ಲಕ್ಷ. ಸಾಲ ಕೊಡುವವರು 70% ಹಿಡಿದರೆ 3.15 ಲಕ್ಷ ಸಿಗುತ್ತದೆ. ಉಳಿದ 30% ಹೇರ್‌ಕಟ್. ನಮ್ಮ ಬ್ಯಾಂಕಿನವರು ಮಾರ್ಜಿನ್ ಅನ್ನುತ್ತಾರೆ, ಅಷ್ಟೇ. ಈಗ ಬಡ್ಡಿ ಒಂದು ಪೈಸೆಯೂ ಬದಲಾಗದೆ, ಸಾಲ ನವೀಕರಿಸುವಾಗ "ಇನ್ನು ಮೇಲೆ 60% ಮಾತ್ರ" ಅಂದರೆ? ಸಾಲದ ಮಿತಿ 2.7 ಲಕ್ಷಕ್ಕೆ ಬಂತು. 45,000 ರೂಪಾಯಿ ಕಟ್ಟಬೇಕು. ಅದೇ ಹೊತ್ತಿಗೆ ದರ 40,000ಕ್ಕೆ ಇಳಿದಿದ್ದರೆ ಮಿತಿ 2.4 ಲಕ್ಷ. ಕಟ್ಟಬೇಕಾದ್ದು 75,000. ಕೈಯಲ್ಲಿ ದುಡ್ಡಿಲ್ಲದಿದ್ದರೆ ದರ ಬಿದ್ದಿರುವಾಗಲೇ ಅಡಿಕೆ ಮಾರಬೇಕು.

ಟ್ರೇಡಿಂಗ್ ರೀಟ್‌ನ ಕಥೆಯೂ ಇದೇ. ಆದರೆ ಹೇರ್‌ಕಟ್ ಬಹಳ ಸಣ್ಣದು, ಹಾಗಾಗಿ ಹೊಡೆತ ದೊಡ್ಡದು. ಹೇರ್‌ಕಟ್ 5% ಇದ್ದರೆ 5 ಕೋಟಿ ಸ್ವಂತ ಹಣದಲ್ಲಿ 100 ಕೋಟಿಯ ಬಾಂಡ್ ಇಟ್ಟುಕೊಳ್ಳಬಹುದು. ಅದು 8% ಆದರೆ ಅದೇ 5 ಕೋಟಿಗೆ 62.5 ಕೋಟಿಯ ಬಾಂಡ್ ಮಾತ್ರ. ಉಳಿದ 37.5 ಕೋಟಿಯದ್ದನ್ನು ಮಾರಲೇಬೇಕು. ಬರೀ ಮೂರು ಅಂಕದ ಬದಲಾವಣೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಾಲು ಖಾಲಿ. ನಿಜವಾದ ರೀಟ್‌ಗಳು ಸಾಮಾನ್ಯವಾಗಿ ಇಷ್ಟು ಅಂಚಿಗೆ ಹೋಗುವುದಿಲ್ಲ, ಕೈಯಲ್ಲಿ ಒಂದಿಷ್ಟು ಇಟ್ಟುಕೊಂಡಿರುತ್ತವೆ. ಆದರೂ ಲೆಕ್ಕ ನಡೆಯುವುದು ಹೀಗೆಯೇ.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. ಆ ತಿಂಗಳ 3ಕ್ಕೆ ಫೆಡ್ ಅರ್ಧ ಶೇಕಡಾ ಬಡ್ಡಿ ಇಳಿಸಿತು. 15ಕ್ಕೆ ಮತ್ತೆ ಒಂದು ಶೇಕಡಾ ಇಳಿಸಿ ದರವನ್ನು 0ರಿಂದ 0.25%ಕ್ಕೆ ತಂದಿತು. ಬಡ್ಡಿ ಇಳಿದರೆ ರೀಟ್‌ಗೆ ಒಳ್ಳೆಯದು ಎಂಬ ಮಾತು ಅಷ್ಟೇ ಸತ್ಯವಾಗಿದ್ದರೆ ಅದು ಹಬ್ಬದ ತಿಂಗಳಾಗಬೇಕಿತ್ತು. ಆದದ್ದು ಉಲ್ಟಾ. ಬಾಂಡ್‌ಗಳ ಬೆಲೆ ಬಿತ್ತು, ಡೀಲರ್‌ಗಳು ಹೆಚ್ಚು ಅಡಮಾನ ಕೇಳಿದರು. ಎಜಿ ಮಾರ್ಟ್‌ಗೇಜ್ ಇನ್ವೆಸ್ಟ್‌ಮೆಂಟ್ ಟ್ರಸ್ಟ್ ಆ ತಿಂಗಳೇ ಮಾರ್ಜಿನ್ ಕಾಲ್, ಅಂದರೆ ಆ ಹೆಚ್ಚುವರಿ ಅಡಮಾನದ ಬೇಡಿಕೆ, ಪೂರೈಸಲಾಗದೆ ಹೋಯಿತು. ಎಂಎಫ್‌ಎ ಫೈನಾನ್ಷಿಯಲ್, ಸಾಲ ಕೊಟ್ಟವರು ಸ್ವಲ್ಪ ಕಾಲ ತಡೆದುಕೊಳ್ಳುವಂತೆ ಅವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಕೊನೆಗೆ ಫೆಡ್ ತಾನೇ ಪೇಟೆಗಿಳಿದು ಮನೆ ಸಾಲದ ಬಾಂಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಂಡಿತು. ಬಡ್ಡಿ ಸೊನ್ನೆಯ ಹತ್ತಿರ ಇತ್ತು, ಷರತ್ತು ಬಿಗಿಯಿತ್ತು. ರೀಟ್‌ಗಳನ್ನು ಹಿಡಿದು ಅಲ್ಲಾಡಿಸಿದ್ದು ಷರತ್ತು.

ಅದಕ್ಕೇ ನನ್ನ ಸಲಹೆ: ಸಮೀಕ್ಷೆ ತೆರೆದ ಕೂಡಲೇ ಬೆಲೆಯಲ್ಲದ ಷರತ್ತಿನ ಕೋಷ್ಟಕಕ್ಕೆ ಮೊದಲು ಹೋಗಿ. ದರದ ಕೋಷ್ಟಕ ಆಮೇಲೆ ನೋಡಿದರೂ ನಡೆಯುತ್ತದೆ. ದರದ ಸುದ್ದಿ ಹೇಗೂ ಪೇಪರಿನಲ್ಲಿ ಬರುತ್ತದೆ, ಷರತ್ತಿನ ಸುದ್ದಿ ಬರುವುದಿಲ್ಲ.

ಹಂತ 4: ಐದು ಉತ್ತರವನ್ನು ಒಂದು ಅಂಕಿ ಮಾಡುವುದು

ಪ್ರತಿ ಪ್ರಶ್ನೆಗೂ ಐದು ಉತ್ತರ: ತುಂಬಾ ಬಿಗಿಯಾಯಿತು, ಸ್ವಲ್ಪ ಬಿಗಿಯಾಯಿತು, ಹೆಚ್ಚುಕಮ್ಮಿ ಹಾಗೇ ಇದೆ, ಸ್ವಲ್ಪ ಸಡಿಲವಾಯಿತು, ತುಂಬಾ ಸಡಿಲವಾಯಿತು. ಶೀಟಿನಲ್ಲಿ ಮೊದಲ ಕಾಲಂ ಆವೃತ್ತಿಯ ತಿಂಗಳು. ಮುಂದಿನ ಐದು ಕಾಲಂ ಈ ಐದು ಉತ್ತರ. ಏಳನೆಯದು ಒಟ್ಟು ಉತ್ತರ. ಎಂಟನೆಯದು ನಿವ್ವಳ ಶೇಕಡಾ.

ನಿವ್ವಳ ಅಂದರೆ ಬಿಗಿ ಅಂದವರ ಶೇಕಡಾದಿಂದ ಸಡಿಲ ಅಂದವರ ಶೇಕಡಾ ಕಳೆಯುವುದು. ಲೆಕ್ಕ ಕಲಿಯಲು ನಾನೇ ಒಂದು ಉದಾಹರಣೆ ಕಟ್ಟಿಕೊಡುತ್ತೇನೆ, ಇದು ಯಾವ ಆವೃತ್ತಿಯ ನಿಜವಾದ ಅಂಕಿಯೂ ಅಲ್ಲ. 22 ಸಂಸ್ಥೆ ಉತ್ತರಿಸಿವೆ. ತುಂಬಾ ಬಿಗಿ 1, ಸ್ವಲ್ಪ ಬಿಗಿ 5, ಹಾಗೇ ಇದೆ 14, ಸ್ವಲ್ಪ ಸಡಿಲ 2, ತುಂಬಾ ಸಡಿಲ 0. ಬಿಗಿ ಒಟ್ಟು 6, ಸಡಿಲ 2. ವ್ಯತ್ಯಾಸ 4. 4ನ್ನು 22ರಿಂದ ಭಾಗಿಸಿ 100ರಿಂದ ಗುಣಿಸಿದರೆ 18.2%.

"ತುಂಬಾ" ಮತ್ತು "ಸ್ವಲ್ಪ" ಎರಡಕ್ಕೂ ಒಂದೇ ತೂಕ ಕೊಡುವುದು ಸರಿಯಲ್ಲ ಅನ್ನಿಸಿದರೆ ತೂಕ ಹಾಕಿ. ತುಂಬಾಕ್ಕೆ 1, ಸ್ವಲ್ಪಕ್ಕೆ 0.5. ಮೇಲಿನ ಉದಾಹರಣೆಯಲ್ಲಿ ಬಿಗಿ 1 ಕೂಡಿಸು 2.5, ಅಂದರೆ 3.5. ಸಡಿಲ 1. ವ್ಯತ್ಯಾಸ 2.5, ಶೇಕಡಾ 11.4. ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ. ನಿವ್ವಳ ಹೆಚ್ಚುಕಮ್ಮಿ ಹಾಗೇ ಇದ್ದು ಎರಡರ ನಡುವಿನ ಅಂತರ ಕಿರಿದಾದರೆ "ತುಂಬಾ" ಅಂದವರ ಪಾಲು ಹೆಚ್ಚುತ್ತಿದೆ ಅಂತ ಅರ್ಥ. ಅದು ಗಮನಿಸಬೇಕಾದ ವಿಷಯ.

ಒಟ್ಟು ಉತ್ತರದ ಕಾಲಂ ಅನ್ನು ಯಾವತ್ತೂ ಬಿಡಬೇಡಿ. ಸಮೀಕ್ಷೆಗೆ ಉತ್ತರಿಸುವುದು 20 ಚಿಲ್ಲರೆ ದೊಡ್ಡ ಡೀಲರ್ ಸಂಸ್ಥೆಗಳು. ಡಾಲರ್ ಬಾಂಡ್‌ಗಳ ಮೇಲೆ ಡೀಲರ್‌ಗಳು ಕೊಡುವ ಸಾಲದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಇವರದ್ದೇ, ಹಾಗಾಗಿ ಸಂಖ್ಯೆ ಸಣ್ಣದಾದರೂ ಮಾತಿಗೆ ಬೆಲೆ ಇದೆ. ಆದರೆ ಎಲ್ಲರೂ ಟ್ರೇಡಿಂಗ್ ರೀಟ್ ಜೊತೆ ವ್ಯವಹಾರ ಮಾಡುವುದಿಲ್ಲ. ಆ ಪ್ರಶ್ನೆಗೆ ಉತ್ತರಿಸಿದವರು ಇನ್ನೂ ಕಮ್ಮಿ ಇರಬಹುದು. 20 ಜನರಲ್ಲಿ ಒಬ್ಬರ ಮನಸ್ಸು ಬದಲಾದರೆ 5 ಅಂಕ ಅಲ್ಲಾಡುತ್ತದೆ. ಹಾಗಾಗಿ ನಿವ್ವಳ ಶೇಕಡಾ 5 ಬಂದಿತು, ಬಿಗಿಯಾಗುತ್ತಿದೆ ಅಂತ ಗಾಬರಿ ಬೀಳುವಂಥದ್ದೇನಿಲ್ಲ. 10ರ ಒಳಗಿನದ್ದನ್ನು ನಾನು ಹೆಚ್ಚು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಎರಡು ಆವೃತ್ತಿ ಒಂದೇ ದಿಕ್ಕಿಗೆ ಹೋದರೆ ಮಾತ್ರ ಕಣ್ಣಿಡುತ್ತೇನೆ.

ಹಂತ 5: ಇದು ದಿಕ್ಕು, ಮಟ್ಟ ಅಲ್ಲ

ಬಹಳ ಜನ ಮುಗ್ಗರಿಸುವುದು ಇಲ್ಲಿ. ಪ್ರಶ್ನೆ ಕೇಳುವುದು "ಬದಲಾಯಿತೇ" ಅಂತ. "ಹೇಗಿದೆ" ಅಂತ ಅಲ್ಲ. ಎರಡು ಆವೃತ್ತಿ 20, 30 ಅಂತ ಬಿಗಿಯಾಗಿ, ಆಮೇಲಿನ ಎರಡು ಆವೃತ್ತಿ ಸೊನ್ನೆ ಬಂದರೆ ಷರತ್ತು ಸಡಿಲವಾಯಿತು ಅಂತ ಅಲ್ಲ. ಬಿಗಿಯಾದದ್ದು ಬಿಗಿಯಾಗಿಯೇ ನಿಂತಿದೆ. ಗ್ರಾಫ್ ಕೆಳಗಿಳಿದ ಹಾಗೆ ಕಾಣುತ್ತದೆ, ಕಟ್ಟು ಮಾತ್ರ ಬಿಚ್ಚಿರುವುದಿಲ್ಲ.

ಇದಕ್ಕೆ ಒಂದು ಕಚ್ಚಾ ಉಪಾಯ ಇದೆ. ಒಂಬತ್ತನೇ ಕಾಲಂನಲ್ಲಿ ನಿವ್ವಳ ಶೇಕಡಾಗಳನ್ನು ಕೂಡಿಸುತ್ತಾ ಹೋಗಿ. 20, 50, 50, 50. ಮುಂದಿನ ಆವೃತ್ತಿಯಲ್ಲಿ ಮೈನಸ್ 10 ಬಂದರೆ 40. ಹೀಗೆ ಕೂಡಿಸಿದಾಗ ಎಲ್ಲಿಂದ ಎಲ್ಲಿಗೆ ಬಂದೆವು ಎಂಬ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ. ಒಬ್ಬರ "ಸ್ವಲ್ಪ" ಇನ್ನೊಬ್ಬರ "ಸ್ವಲ್ಪ"ಕ್ಕೆ ಸಮ ಅಲ್ಲ, ಹೇರ್‌ಕಟ್ ಎಷ್ಟು ಅಂಕ ಏರಿತು ಎಂಬುದೂ ಇದರಿಂದ ತಿಳಿಯುವುದಿಲ್ಲ.

ಕಟ್ಟಡದ ರೀಟ್‌ಗಳ ಬಗ್ಗೆ ಮಟ್ಟ ತಿಳಿಯಬೇಕಿದ್ದರೆ ಫೆಡ್‌ನ ಇನ್ನೊಂದು ಸಮೀಕ್ಷೆ ಹೆಚ್ಚು ಉಪಯೋಗ. ಅದು ಬ್ಯಾಂಕ್‌ಗಳ ಸೀನಿಯರ್ ಲೋನ್ ಆಫೀಸರ್ ಸಮೀಕ್ಷೆ, ಸ್ಲೂಸ್ ಅನ್ನುತ್ತಾರೆ. ವಾಣಿಜ್ಯ ಕಟ್ಟಡಗಳ ಸಾಲವನ್ನು ಅದು ಮೂರು ಭಾಗ ಮಾಡಿ ಕೇಳುತ್ತದೆ: ನಿರ್ಮಾಣ ಮತ್ತು ಜಾಗ ಅಭಿವೃದ್ಧಿ, ಆಫೀಸು ಅಂಗಡಿಯಂಥ ಕಟ್ಟಡ, ಬಾಡಿಗೆ ವಸತಿ ಸಮುಚ್ಚಯ. ಜುಲೈ ಆವೃತ್ತಿಯ ವಿಶೇಷ ಪ್ರಶ್ನೆಯಲ್ಲಿ, 2005ರಿಂದ ಈಚೆಗಿನ ವ್ಯಾಪ್ತಿಗೆ ಹೋಲಿಸಿದರೆ ಈಗಿನ ಮಟ್ಟ ಎಲ್ಲಿದೆ ಅಂತ ನೇರವಾಗಿಯೇ ಕೇಳುತ್ತಾರೆ. ನಿಮ್ಮ ಬಳಿ ಇರುವುದು ಆಫೀಸು ಅಥವಾ ಮಾಲಿನ ರೀಟ್ ಆದರೆ ಸ್ಕೂಸ್ ಪಕ್ಕದಲ್ಲಿ ಇದನ್ನೂ ಇಟ್ಟುಕೊಳ್ಳಿ.

ಹಂತ 6: ಕಾರಣಗಳ ಕೋಷ್ಟಕ

ಬಿಗಿ ಅಂದವರನ್ನು ಸಮೀಕ್ಷೆ ಸುಮ್ನೆ ಬಿಡುವುದಿಲ್ಲ. ಯಾಕೆ ಅಂತ ಕೇಳಿ, ಕಾರಣಗಳನ್ನು ಮೊದಲನೆಯದು, ಎರಡನೆಯದು, ಮೂರನೆಯದು ಅಂತ ಸಾಲು ಹಿಡಿಸುತ್ತದೆ. ಕೊಡುವ ಆಯ್ಕೆಗಳು ಇಂಥವು: ಸಾಲ ಪಡೆಯುವವರ ಆರ್ಥಿಕ ಬಲ ಕುಂದಿದೆ, ನಮ್ಮ ಸಂಸ್ಥೆಗೇ ಅಪಾಯ ಹೊರುವ ಮನಸ್ಸಿಲ್ಲ, ಸಂಸ್ಥೆಯೊಳಗೆ ಹಣ ತರುವ ಖರ್ಚು ಏರಿದೆ, ಬಂಡವಾಳ ಸಾಲದು, ಪೇಟೆಯಲ್ಲಿ ಕೊಳ್ಳುವವರು ಮಾರುವವರು ಕಮ್ಮಿಯಾಗಿದ್ದಾರೆ, ಪೈಪೋಟಿ ತಗ್ಗಿದೆ.

ಇವನ್ನು ಎರಡು ರಾಶಿ ಮಾಡಿ. ಸಾಲ ಪಡೆಯುವವರ ಬಲ ಕುಂದಿದೆ ಎಂಬುದು ಒಂದೇ ರೀಟ್ ಕಡೆಯ ಕಾರಣ. ಉಳಿದದ್ದೆಲ್ಲ ಸಾಲ ಕೊಡುವವರ ಅಥವಾ ಪೇಟೆಯ ಕಡೆಯದು. ಮೊದಲ ರಾಶಿ ಭಾರವಾದರೆ ರೀಟ್‌ಗಳಲ್ಲೇ ಏನೋ ಸರಿ ಇಲ್ಲ, ಒಂದೊಂದನ್ನೇ ಪರೀಕ್ಷೆ ಮಾಡಬೇಕು. ಎರಡನೆಯದು ಭಾರವಾದರೆ ಒಳ್ಳೆ ರೀಟ್‌ಗೂ ಕೆಟ್ಟ ರೀಟ್‌ಗೂ ಒಟ್ಟಿಗೆ ಪೆಟ್ಟು. ಬಿಗಿ ಅಂದವರೇ ನಾಲ್ಕೈದು ಜನ ಇದ್ದಾಗ ಈ ಕೋಷ್ಟಕ ಒಂದೆರಡು ಉತ್ತರದ ಮೇಲೆ ನಿಂತಿರುತ್ತದೆ. ಆಗ ಅದನ್ನು ಹಿಂಡಿ ಅರ್ಥ ತೆಗೆಯಲು ಹೋಗಬೇಡಿ.

ಇದೇ ಗುಂಪಿನಲ್ಲಿ ಇನ್ನೂ ಕೆಲವು ಪ್ರಶ್ನೆಗಳಿವೆ. ರೀಟ್‌ಗಳು ಸಾಲದ ಬಲದಲ್ಲಿ ವ್ಯವಹಾರ ಮಾಡುವುದು ಹೆಚ್ಚಿತೇ? ಒಳ್ಳೆ ಷರತ್ತಿಗಾಗಿ ಅವು ಒತ್ತಾಯ ಮಾಡುತ್ತಿವೆಯೇ? ಮೆಚ್ಚಿನ ಗ್ರಾಹಕರಿಗೆ ಬೇರೆ ಷರತ್ತು ಕೊಡುವುದು ಹೆಚ್ಚಿತೇ? ಮುಂದಿನ ಮೂರು ತಿಂಗಳಲ್ಲಿ ಏನಾಗಬಹುದು? ಈ ಕೊನೆಯದನ್ನು ನೋಡಿ, ಆದರೆ ಅದರ ಮೇಲೆ ಭಾರ ಹಾಕಬೇಡಿ. ಸಾಲ ಹೆಚ್ಚುತ್ತಾ ಷರತ್ತು ಸಡಿಲವಾಗುತ್ತಿದ್ದರೆ ಅದು ನೆಮ್ಮದಿಯ ಸುದ್ದಿ ಅಂತ ನನಗೆ ಅನ್ನಿಸುವುದಿಲ್ಲ. ಮುಂದಿನ ಬಿಗಿತಕ್ಕೆ ಪೆಟ್ಟು ಜೋರಾಗುವುದು ಅಂಥ ಕಾಲದಲ್ಲಿ ಸಾಲ ಬೆಳೆಸಿಕೊಂಡವರಿಗೇ.

ಹಂತ 7: ತಾರೀಖು ನೋಡದೆ ತೀರ್ಮಾನ ಬೇಡ

ಆವೃತ್ತಿಯ ಮೇಲಿನ ತಿಂಗಳು ಬೇರೆ, ಉತ್ತರ ಪಡೆದ ತಿಂಗಳು ಬೇರೆ. ಸಾಮಾನ್ಯವಾಗಿ ಹಿಂದಿನ ತಿಂಗಳಲ್ಲೇ ಉತ್ತರ ಪಡೆದಿರುತ್ತಾರೆ. ಮಾರ್ಚ್ ಆವೃತ್ತಿ ಅಂದರೆ ಫೆಬ್ರವರಿಯ ಮಾತು. ಅದಕ್ಕೇ 2020ರ ಮಾರ್ಚ್ ಆವೃತ್ತಿಯಲ್ಲಿ ಮಾರ್ಚ್‌ನ ಗಾಬರಿ ಕಾಣುವುದಿಲ್ಲ. ಅದು ಕಾಣುವುದು ಜೂನ್ ಆವೃತ್ತಿಯಲ್ಲಿ. ಶೀಟಿನಲ್ಲಿ ಉತ್ತರ ಪಡೆದ ದಿನಾಂಕಕ್ಕೆ ಒಂದು ಕಾಲಂ ಇಡಿ. ಸಾರಾಂಶದ ಮೊದಲ ಪ್ಯಾರಾದಲ್ಲೇ ಆ ದಿನಾಂಕ ಸಿಗುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟ. ವಾರದೊಳಗೆ ಎದ್ದು ಬೀಳುವ ಗಾಳಿಯನ್ನು ಈ ಸಮೀಕ್ಷೆ ಮುಂಚೆಯೇ ಹೇಳಲಾರದು. ತಿಂಗಳುಗಟ್ಟಲೆ ನಿಧಾನಕ್ಕೆ ಬಿಗಿಯಾಗುವುದನ್ನು ಚೆನ್ನಾಗಿ ಹೇಳುತ್ತದೆ. ಇದನ್ನು ನೋಡಿ ನಾಳೆ ಕೊಳ್ಳುವ, ಮಾರುವ ತೀರ್ಮಾನ ಮಾಡುವುದು ಬೇಡ.

ಹಂತ 8: ಅಡಮಾನದ ಕಡೆಯಿಂದ ತಾಳೆ ನೋಡಿ

ಸಮೀಕ್ಷೆಯ ಹಿಂಭಾಗದಲ್ಲಿ ಅಡ ಇಡುವ ಕಾಗದದ ಪ್ರಕಾರ ಪ್ರಶ್ನೆಗಳಿವೆ. ಸರ್ಕಾರಿ ಬೆಂಬಲದ ಸಂಸ್ಥೆಗಳ ಖಾತರಿ ಇರುವ ಮನೆ ಸಾಲದ ಬಾಂಡ್, ಖಾತರಿ ಇಲ್ಲದ್ದು, ವಾಣಿಜ್ಯ ಕಟ್ಟಡ ಸಾಲದ ಬಾಂಡ್, ಒಂದೊಂದಕ್ಕೂ ಬೇರೆ. ಗರಿಷ್ಠ ಮೊತ್ತ, ಗರಿಷ್ಠ ಅವಧಿ, ಹೇರ್‌ಕಟ್, ದರದ ಅಂತರ, ಈ ನಾಲ್ಕನ್ನೂ ಬಿಡಿಬಿಡಿಯಾಗಿ ಕೇಳುತ್ತಾರೆ. ಸಾಮಾನ್ಯ ಗ್ರಾಹಕರಿಗೆ ಒಂದು ಸಾಲು, ಮೆಚ್ಚಿನ ಗ್ರಾಹಕರಿಗೆ ಇನ್ನೊಂದು. ಮೊದಲ ಭಾಗದಲ್ಲಿ "ಬೆಲೆಯಲ್ಲದ ಷರತ್ತು" ಅಂತ ಒಟ್ಟಿಗೆ ಕಟ್ಟಿದ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ. ಸಾಲಕ್ಕೆ ಬೇಡಿಕೆ ಮತ್ತು ಆ ಕಾಗದದ ಪೇಟೆ ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆಗಳೂ ಇವೆ. ಮೊದಲ ಭಾಗದಲ್ಲಿ ರೀಟ್‌ಗೆ ಬಿಗಿ, ಇಲ್ಲಿ ಮನೆ ಸಾಲದ ಬಾಂಡಿಗೂ ಬಿಗಿ ಅಂತ ಎರಡೂ ತಾಳೆಯಾದರೆ ನಂಬಿಕೆ ಗಟ್ಟಿಯಾಗುತ್ತದೆ.

ಹಂತ 9: ಈಗ ನಮ್ಮ ರೀಟ್‌ಗೆ ಬನ್ನಿ

ಭಾರತದಲ್ಲಿ ರೀಟ್ ಸಾಲದ ಷರತ್ತನ್ನು ಪ್ರತ್ಯೇಕವಾಗಿ ಕೇಳುವ ಇಂಥ ಸಮೀಕ್ಷೆ ಇಲ್ಲ. ಹತ್ತಿರದ್ದು ರಿಸರ್ವ್ ಬ್ಯಾಂಕಿನ ಬ್ಯಾಂಕ್ ಲೆಂಡಿಂಗ್ ಸರ್ವೆ. ಒಟ್ಟು ಸಾಲದ 90%ಕ್ಕೂ ಹೆಚ್ಚು ಪಾಲಿರುವ 30 ದೊಡ್ಡ ಬ್ಯಾಂಕ್‌ಗಳನ್ನು ಮೂರು ತಿಂಗಳಿಗೊಮ್ಮೆ ಕೇಳುತ್ತಾರೆ. ಕೃಷಿ, ಗಣಿ, ತಯಾರಿಕೆ, ಮೂಲಸೌಕರ್ಯ, ಸೇವೆ, ವೈಯಕ್ತಿಕ ಸಾಲ ಅಂತ ವಿಂಗಡಣೆ. ತುಂಬಾಕ್ಕೆ 1, ಸ್ವಲ್ಪಕ್ಕೆ 0.5 ಎಂಬ ತೂಕ ಅವರದ್ದೇ ಪದ್ಧತಿ. ಎರಡನ್ನೂ ಒಂದೇ ಶೀಟಿಗೆ ತರುವಾಗ ಎಚ್ಚರ: ಫೆಡ್ ಗ್ರಾಫಿನಲ್ಲಿ ಮೇಲೆ ಹೋದರೆ ಬಿಗಿ. ರಿಸರ್ವ್ ಬ್ಯಾಂಕಿನದರಲ್ಲಿ ಕೂಡು ಚಿಹ್ನೆ ಬಂದರೆ ಷರತ್ತು ಸಡಿಲ. ಒಂದರ ಚಿಹ್ನೆ ತಿರುಗಿಸದೆ ಪಕ್ಕ ಪಕ್ಕ ಇಟ್ಟರೆ ಪೂರ್ತಿ ಉಲ್ಟಾ ಅರ್ಥ ಬರುತ್ತದೆ.

ಆಮೇಲೆ ನಿಮ್ಮ ರೀಟ್‌ನ ತ್ರೈಮಾಸಿಕ ಪ್ರೆಸೆಂಟೇಶನ್ ಇಳಿಸಿಕೊಳ್ಳಿ. ಬಣ್ಣಬಣ್ಣದ ಕಟ್ಟಡದ ಫೋಟೋಗಳನ್ನು ದಾಟಿ ಸಾಲದ ಪುಟಕ್ಕೆ ಹೋಗಿ. ಮೊದಲು ನೋಡಬೇಕಾದ್ದು ಆಸ್ತಿ ಬೆಲೆಗೆ ಸಾಲ ಎಷ್ಟು ಶೇಕಡಾ ಎಂಬುದು. ಸೆಬಿ ನಿಯಮದಂತೆ ನಗದು ಕಳೆದ ಸಾಲ ಆಸ್ತಿ ಮೌಲ್ಯದ 49% ಮೀರುವ ಹಾಗಿಲ್ಲ. 25% ದಾಟಿದರೆ ಕ್ರೆಡಿಟ್ ರೇಟಿಂಗ್ ಬೇಕು, ಯೂನಿಟ್ ಇರುವವರ ಒಪ್ಪಿಗೆಯೂ ಬೇಕು. ಸಾಲ ಹೆಚ್ಚದೆಯೂ ಈ ಶೇಕಡಾ ಏರಬಹುದು. 100 ರೂಪಾಯಿ ಆಸ್ತಿಗೆ 30 ರೂಪಾಯಿ ಸಾಲ ಇದ್ದು, ಆಸ್ತಿ ಬೆಲೆ 90ಕ್ಕೆ ಇಳಿದರೆ 33.3% ಆಯಿತು.

ಮುಂದಿನದು ಸಾಲದ ವಾಯಿದೆ ಪಟ್ಟಿ. ಯಾವ ವರ್ಷ ಎಷ್ಟು ಕೋಟಿ ತೀರಿಸಬೇಕು ಅಂತ ಕಂಬದ ಗ್ರಾಫ್ ಇರುತ್ತದೆ. ನನ್ನನ್ನು ಕೇಳಿದರೆ ಇಡೀ ಪ್ರೆಸೆಂಟೇಶನ್‌ನಲ್ಲಿ ಹೆಚ್ಚು ಹೊತ್ತು ನೋಡಬೇಕಾದ ಚಿತ್ರ ಇದೇ. ಮುಂದಿನ ಒಂದೆರಡು ವರ್ಷದಲ್ಲಿ ಎತ್ತರದ ಕಂಬ ಇದ್ದರೆ, ಆ ಸಾಲವನ್ನು ಹೊಸ ಸಾಲದಿಂದ ತೀರಿಸಬೇಕಾದಾಗ ಆಗಿನ ಷರತ್ತೇ ಅವರ ಹಣೆಬರಹ. ಕಂಬಗಳು ಐದಾರು ವರ್ಷಕ್ಕೆ ಹರಡಿಕೊಂಡಿದ್ದರೆ ಒಂದು ಕೆಟ್ಟ ವರ್ಷ ಕಳೆಯಬಹುದು.

ಆಮೇಲೆ ಸ್ಥಿರ ದರದ ಸಾಲ ಎಷ್ಟು, ಬದಲಾಗುವ ದರದ್ದು ಎಷ್ಟು. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 4ರಿಂದ 6.5%ಕ್ಕೆ ಏರಿಸಿತು. 2025ರಲ್ಲಿ ಇಳಿಸುತ್ತಾ ಬಂದು ಡಿಸೆಂಬರಿಗೆ 5.25%ಕ್ಕೆ ತಂದಿತು. ನಿಮ್ಮ ರೀಟ್‌ನ ಸರಾಸರಿ ಸಾಲದ ದರ ಈ ಎರಡೂ ಕಾಲದಲ್ಲಿ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಹಳೆಯ ಪ್ರೆಸೆಂಟೇಶನ್‌ಗಳಲ್ಲಿ ಹುಡುಕಿ. ಏರುವಾಗ ಬೇಗ ಏರಿ ಇಳಿಯುವಾಗ ತಡ ಮಾಡಿದ್ದರೆ ಯಾಕೆ ಅಂತ ವಾರ್ಷಿಕ ಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಕಡೆಯದಾಗಿ ಕರಾರು. ವಾರ್ಷಿಕ ವರದಿಯ ಸಾಲದ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ: ಯಾವ ಕಟ್ಟಡ ಅಡ ಇದೆ, ಬಾಡಿಗೆ ಹಣ ಯಾವ ಖಾತೆಗೆ ಹೋಗಬೇಕು, ರೇಟಿಂಗ್ ಇಳಿದರೆ ಬಡ್ಡಿ ಎಷ್ಟು ಏರುತ್ತದೆ. ಓದಲು ಬೇಜಾರು ಹೌದು. ಆದರೆ ಡೀಲರ್‌ಗಳ ಸಮೀಕ್ಷೆಯಲ್ಲಿ "ಬೆಲೆಯಲ್ಲದ ಷರತ್ತು" ಎಂದು ಎರಡೇ ಪದದಲ್ಲಿ ಮುಗಿಸಿದ್ದು ಇಲ್ಲಿ ಹೆಸರು, ಮೊತ್ತ, ದಿನಾಂಕದ ಜೊತೆ ಸಿಗುತ್ತದೆ. ಎಲ್ಲ ರೀಟ್‌ಗಳದ್ದನ್ನೂ ಓದಬೇಕಿಲ್ಲ. ನಿಮ್ಮ ದುಡ್ಡು ಇರುವ ಒಂದರದ್ದು ಸಾಕು.

ಶೀಟಿಗೆ ಒಂದು ಕೊನೆಯ ಕಾಲಂ ಸೇರಿಸಿ, ಪ್ರತಿ ಆವೃತ್ತಿ ಬಂದಾಗ ನಿಮ್ಮ ಮಾತಿನಲ್ಲೇ ಎರಡು ಸಾಲು ಬರೆಯಿರಿ: ಯಾವ ಷರತ್ತು ಬದಲಾಯಿತು, ನಿಮ್ಮ ರೀಟ್‌ನ ಮುಂದಿನ ವಾಯಿದೆ ಯಾವಾಗ. ನಾಲ್ಕು ಆವೃತ್ತಿ ತುಂಬುವವರೆಗೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.